ಬಿಡಿಭಾಗದ ಬರವೂ ದುಡಿಯುವವನ ಪಾಡೂ

ಠಾಣೆ-ಬೇಲಾಪುರ ಪಟ್ಟಿಯಿಂದ ಹಿಡಿದು ಅಂಬರನಾಥ, ಡೊಂಬಿವಲಿ, ಅತ್ತ ಪುಣೆಯ ಭೋಸರಿಯವರೆಗೆ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನಮ್ಮ ಬಂಧುಗಳ ಬಾಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. "ಯಂತ್ರ ಗಟ್ಟಿಯಾಗಿಯೇ ಇದೆ, ಕಾರ್ಡು ಹೋಗಿದೆ; ಕಾರ್ಡು ಎಲ್ಲೂ ಸಿಗುವುದಿಲ್ಲ." ಕೇಳುವವರಿಗೆ ಇದು ಕಾರ್ಖಾನೆಯ ಪರ್ಚೇಜ್ ಇಲಾಖೆಯವರ ತಲೆನೋವೆಂದು ತೋರಬಹುದು. ಸಂಘದ ಪತ್ರಿಕೆಯ ಅಗ್ರಲೇಖನದಲ್ಲಿ ಬೋನಸ್ಸು, ಮನೆ, ಮಕ್ಕಳ ಶಾಲೆ ಇವನ್ನು ಬಿಟ್ಟು ವಿದ್ಯುತ್ ಕಾರ್ಡಿನ ಪುರಾಣವೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಲೂಬಹುದು. ಆದರೆ ಅಂಗೈಯಗಲದ ಒಂದು ಕಾರ್ಡು ಸಿಗದೆ ನೂರಾರು ಜನ ಅರ್ಧ ಕೂಲಿಗೆ ಮನೆಯಲ್ಲಿ ಕೂರುವ ಪ್ರಸಂಗ ಬರುವುದಾದರೆ, ಅದೇ ಕಾರ್ಡು ಸಿಗದ ಕಾರಣಕ್ಕೆ ಪ್ರೆಸ್ಸಿನ ಮುಂದೆ ನಿಂತವನ ಬೆರಳುಗಳಿಗೆ ಕಾವಲಿಲ್ಲದಂತಾಗುವುದಾದರೆ, ಅದು ಪರ್ಚೇಜ್ ಇಲಾಖೆಯೊಳಗೇ ಇತ್ಯರ್ಥವಾಗಬೇಕಾದ ವಿಷಯವೆಂದು ನಾವು ಒಪ್ಪಲಾರೆವು.

ವಿಷಯ ತಿಳಿಯದವರಿಗಾಗಿ ಎರಡು ಮಾತು. ಹಿಂದೆ ಒಂದು ಯಂತ್ರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು, ಯಾವ ವಾಲ್ವು ತೆರೆಯಬೇಕು ಎಂಬುದನ್ನೆಲ್ಲ ದೊಡ್ಡ ಕಪಾಟಿನ ತುಂಬ ಜೋಡಿಸಿದ ರಿಲೇಗಳು ನೋಡಿಕೊಳ್ಳುತ್ತಿದ್ದವು. ಅಮೆರಿಕದ ಮೋಟಾರು ಕಾರ್ಖಾನೆಗಳಲ್ಲಿ ಪ್ರತಿ ವರ್ಷ ಕಾರಿನ ನಮೂನೆ ಬದಲಾದಾಗಲೆಲ್ಲ ಈ ಕಪಾಟುಗಳ ತಂತಿಯನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಆ ಕಷ್ಟ ತಪ್ಪಿಸಲು 1968ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ಹೊಸ ಉಪಕರಣವೊಂದನ್ನು ಕೇಳಿತು. ಡಿಕ್ ಮಾರ್ಲೆ ಮತ್ತು ಅವರ ಸಂಗಡಿಗರು ಮೋಡಿಕಾನ್ 084 ಎಂಬುದನ್ನು ಮಾಡಿಕೊಟ್ಟರು. ಅವರ ಸಂಸ್ಥೆಯ 84ನೆಯ ಕೆಲಸವಾದ್ದರಿಂದ ಆ ಹೆಸರು. ನಮ್ಮ ವೈರ್‌ಮನ್‌ಗಳು ಇಂದು ಪಿಎಲ್‌ಸಿ ಎಂದು ಕರೆಯುವುದು ಇದರ ಸಂತಾನವನ್ನೇ. ತಂತಿಯಲ್ಲಿ ಕಟ್ಟಿದ್ದ ಬುದ್ಧಿ ಅಂದಿನಿಂದ ಪ್ರೋಗ್ರಾಮಿಗೆ ಬಂತು. ಲಾಭವಾಯಿತು, ಸಂಶಯವಿಲ್ಲ. ಆದರೆ ರಿಲೇ ಕೆಟ್ಟರೆ ಕಾಂಟ್ಯಾಕ್ಟನ್ನು ತಿಕ್ಕಿ, ಕಾಯಿಲು ಸುತ್ತಿ, ಅದೂ ಆಗದಿದ್ದರೆ ಇನ್ನೊಂದು ಕಂಪೆನಿಯ ರಿಲೇ ಹಾಕಿ ಯಂತ್ರ ಓಡಿಸುತ್ತಿದ್ದವನ ಕೈಯಿಂದ ಆ ಸ್ವಾತಂತ್ರ್ಯ ಹೋಯಿತು. ಪಿಎಲ್‌ಸಿಯ ಕಾರ್ಡು ಕೆಟ್ಟರೆ ಅದೇ ಕಂಪೆನಿಯ, ಅದೇ ವರ್ಗದ, ಅನೇಕ ವೇಳೆ ಅದೇ ಆವೃತ್ತಿಯ ಕಾರ್ಡೇ ಬೇಕು.

ಬೆಂಗಳೂರಿನ ಎನ್‌ಜಿಇಎಫ್ ನಮ್ಮವರಿಗೆಲ್ಲ ಗೊತ್ತಿರುವ ಹೆಸರು. 1956ರಲ್ಲಿ ಹುಟ್ಟಿ, 2002ರಲ್ಲಿ ಬಾಗಿಲು ಹಾಕಿತು. ಅದರ ಮೋಟಾರು ಇಂದು ಸುಟ್ಟುಹೋದರೂ ಊರಿನ ಯಾವ ವೈಂಡಿಂಗ್ ಅಂಗಡಿಯಲ್ಲಾದರೂ ತಾಮ್ರದ ತಂತಿ ಸುತ್ತಿಸಿಕೊಂಡು ಮರುದಿನ ಓಡಿಸಬಹುದು. ಕಂಪೆನಿ ಸತ್ತರೂ ಮೋಟಾರು ಬದುಕುತ್ತದೆ. ಆದರೆ ನಿಯಂತ್ರಣದ ಕಾರ್ಡಿನ ವಿಷಯದಲ್ಲಿ ಕಂಪೆನಿ ಜೀವಂತವಿದ್ದೂ ಕಾರ್ಡು ಸಾಯುತ್ತದೆ. ಈ ವ್ಯತ್ಯಾಸವೇ ಇಂದಿನ ಗೋಳಿನ ಬೇರು.

ತಯಾರಕರ ಲೆಕ್ಕ ಹೀಗಿದೆ. ಮೊದಲು ಒಂದು ಸರಣಿ ಮಾರಾಟದಲ್ಲಿರುತ್ತದೆ. ಆಮೇಲೆ ಒಂದು ದಿನಾಂಕ ಗೊತ್ತುಮಾಡಿ ಹೊಸ ಯಂತ್ರಗಳಿಗೆ ಅದನ್ನು ಕೊಡುವುದಿಲ್ಲವೆನ್ನುತ್ತಾರೆ. ಅಲ್ಲಿಂದ ಮುಂದೆ ಕೆಲವು ವರ್ಷ, ಸಾಮಾನ್ಯವಾಗಿ ಹತ್ತು, ಬಿಡಿಭಾಗವೆಂದು ಮಾತ್ರ ಕೊಡುತ್ತಾರೆ. ಆಮೇಲೆ ಅದೂ ಇಲ್ಲ. ಸೀಮೆನ್ಸ್ ಕಂಪೆನಿಯ ಎಸ್5 ಸರಣಿ 1979ರಲ್ಲಿ ಬಂದು ಭಾರತದ ಎಷ್ಟೋ ಕಾರ್ಖಾನೆಗಳನ್ನು ಆಳಿತು. ಇಂದು ಅದು ಹಳೆಯ ದಾಸ್ತಾನಿನಲ್ಲಿ ಸಿಕ್ಕಿದರೆ ಉಂಟು. ಅದರ ಜಾಗಕ್ಕೆ ಬಂದ ಎಸ್7-300ರ ಮಾಮೂಲು ಮಾರಾಟ 2023ರ ಅಕ್ಟೋಬರ್ 1ಕ್ಕೆ ನಿಂತಿದೆ; ಬಿಡಿಭಾಗಕ್ಕೆ 2033ರವರೆಗೆ ವಾಯಿದೆ ಕೊಟ್ಟಿದ್ದಾರೆ. ಅಲೆನ್-ಬ್ರಾಡ್ಲಿಯ ಪಿಎಲ್‌ಸಿ-5 ಎಂಬುದು 2017ರ ಜೂನ್ ತಿಂಗಳಲ್ಲಿ ನಿಂತುಹೋಯಿತು. ನಮ್ಮ ಸದಸ್ಯರಲ್ಲಿ ಎಸ್7-300 ಇರುವ ಯಂತ್ರಗಳ ಮೇಲೆ ದುಡಿಯುವವರು ಬಹಳ ಮಂದಿ ಇದ್ದಾರೆ. ಅವರ ಯಂತ್ರಕ್ಕೆ ಆಯುಷ್ಯದ ಕಾಗದ ಆಗಲೇ ಬರೆದಾಗಿದೆ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

ತಯಾರಕರನ್ನು ಸುಮ್ಮನೆ ಬಯ್ದು ಪ್ರಯೋಜನವಿಲ್ಲ. ಅವರಿಗೆ ಚಿಪ್ಪು ಮಾರುವವರು ಆ ಚಿಪ್ಪನ್ನು ನಿಲ್ಲಿಸಿದರೆ ಅವರೂ ಕೈಕಟ್ಟಿ ಕೂರಬೇಕು. 2006ರ ಜುಲೈ 1ರಿಂದ ಯುರೋಪಿನಲ್ಲಿ ಬೆಸುಗೆಯ ಸೀಸಕ್ಕೆ ನಿರ್ಬಂಧ ಬಂದಾಗ ಅನೇಕ ಹಳೆಯ ನಮೂನೆಗಳನ್ನು ಹೊಸದಾಗಿ ವಿನ್ಯಾಸ ಮಾಡುವ ಬದಲು ಕೈಬಿಡುವುದೇ ಅಗ್ಗವೆಂದು ಕಂಪೆನಿಗಳಿಗೆ ಕಂಡಿತು. 2021ರಲ್ಲಿ ಜಗತ್ತಿನಲ್ಲೆಲ್ಲ ಚಿಪ್ಪಿನ ಬರ ಬಿದ್ದಾಗ, ತಯಾರಿಕೆಯಲ್ಲಿದ್ದ ಕಾರ್ಡುಗಳಿಗೇ ತಿಂಗಳುಗಟ್ಟಲೆ ಕಾಯಬೇಕಾಯಿತು. ಇದೆಲ್ಲ ನಿಜ. ಆದರೆ ಒಂದು ಹೈಡ್ರಾಲಿಕ್ ಪ್ರೆಸ್ಸು, ಒಂದು ಬಾಯ್ಲರು, ಒಂದು ರೋಲಿಂಗ್ ಮಿಲ್ಲು ಮೂವತ್ತು ನಲವತ್ತು ವರ್ಷ ದುಡಿಯುತ್ತದೆ ಎಂಬುದು ಅದನ್ನು ಮಾರಿದವನಿಗೂ ಕೊಂಡವನಿಗೂ ಮೊದಲೇ ಗೊತ್ತಿತ್ತು. ಇಪ್ಪತ್ತು ವರ್ಷ ಬಾಳುವ ತಲೆಯನ್ನು ನಲವತ್ತು ವರ್ಷ ಬಾಳುವ ಮೈಗೆ ಜೋಡಿಸಿ, ಉಳಿದ ಇಪ್ಪತ್ತು ವರ್ಷದ ಚಿಂತೆಯನ್ನು ಯಾರೂ ಮಾಡಲಿಲ್ಲ. ಆ ಚಿಂತೆಯ ಭಾರ ಈಗ ಜಾರಿ ಜಾರಿ ಕೊನೆಗೆ ಬಂದು ನಿಂತಿರುವುದು ಮೆಂಟೆನನ್ಸ್ ಫಿಟ್ಟರನ ಹೆಗಲ ಮೇಲೆ, ಹಾಗೂ ಅವನು ಸರಿಮಾಡುವವರೆಗೆ ಗೇಟಿನಾಚೆ ಕಾಯುವ ಬದಲಿ ಕಾರ್ಮಿಕನ ಹೊಟ್ಟೆಯ ಮೇಲೆ.

ಕಾರ್ಡು ಹೋಗಿ ಯಂತ್ರ ನಿಂತ ದಿನ ಏನಾಗುತ್ತದೆ? 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಲೇ-ಆಫ್ ಎಂದರೇನು ಎಂದು ಹೇಳುವಾಗ ಕಲ್ಲಿದ್ದಲು, ವಿದ್ಯುತ್ತು, ಕಚ್ಚಾಮಾಲು ಇವುಗಳ ಅಭಾವದ ಜೊತೆಗೆ ಯಂತ್ರ ಕೆಡುವುದನ್ನೂ ಒಂದು ಕಾರಣವೆಂದು ಸೇರಿಸಿದ್ದರು. ಆ ಕಾಯಿದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಈ ಮಾತನ್ನು ಹಾಗೆಯೇ ಉಳಿಸಿಕೊಂಡಿದೆ. ಅಂದರೆ ಕಾರ್ಡಿಲ್ಲದೆ ಯಂತ್ರ ನಿಂತರೆ ಮಾಲೀಕನು ಲೇ-ಆಫ್ ಹೇಳಬಹುದು. ಮಸ್ಟರ್ ರೋಲಿನಲ್ಲಿ ಹೆಸರಿದ್ದು ಒಂದು ವರ್ಷದ ಸತತ ಸೇವೆ ಮಾಡಿದವನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯದ ಅರ್ಧದಷ್ಟು ಪರಿಹಾರ ಸಿಗುತ್ತದೆ. ಬದಲಿಯವನಿಗೆ, ದಿನಗೂಲಿಯವನಿಗೆ ಆ ಅರ್ಧವೂ ಇಲ್ಲ. ಕಂತ್ರಾಟುದಾರನ ಕೆಳಗೆ ದುಡಿಯುವವನ ಪಾಡನ್ನು ಹೇಳುವುದೇ ಬೇಡ. ಕಾರ್ಖಾನೆಯ ಮಸ್ಟರಿನಲ್ಲಿ ಅವನ ಹೆಸರೇ ಇರುವುದಿಲ್ಲ.

ಇಲ್ಲಿ ನಾವು ಒಂದು ಪ್ರಶ್ನೆ ಕೇಳಲೇಬೇಕು. ಸಿಡಿಲು ಬಡಿದು ಯಂತ್ರ ಕೆಟ್ಟರೆ ಅದು ಯಾರ ಕೈಯಲ್ಲೂ ಇಲ್ಲದ ಸಂಗತಿ. ಆದರೆ ಇಂಥ ದಿನಾಂಕದ ಮೇಲೆ ಈ ಕಾರ್ಡು ಸಿಗುವುದಿಲ್ಲವೆಂದು ತಯಾರಕನು ವರ್ಷಗಳ ಮೊದಲೇ ಬರೆದು ತಿಳಿಸಿದ್ದು, ಆ ಕಾಗದ ಮೇಲಿನವರ ಮೇಜಿನ ಖಾನೆಯಲ್ಲಿ ಧೂಳು ತಿನ್ನುತ್ತಿದ್ದು, ಆಮೇಲೆ ಕಾರ್ಡು ಸುಟ್ಟಾಗ "ಯಂತ್ರ ಕೆಟ್ಟಿದೆ" ಎಂದು ಜನರನ್ನು ಮನೆಗೆ ಕಳಿಸುವುದಾದರೆ, ಅದಕ್ಕೂ ಸಿಡಿಲಿಗೂ ಒಂದೇ ಹೆಸರಿಡುವುದು ನ್ಯಾಯವೇ? ಕಾಯಿದೆ ಈ ಭೇದ ಮಾಡುವುದಿಲ್ಲ. ಮಾತುಕತೆಯ ಮೇಜಿನ ಮುಂದೆ ಕೂತ ನಮ್ಮ ಪ್ರತಿನಿಧಿಗಳಾದರೂ ಮಾಡಬೇಕೆಂದು ನಮ್ಮ ಅಭಿಪ್ರಾಯ.

ಕೂಲಿಗಿಂತಲೂ ನಮ್ಮನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಒಂದು ಇನ್‌ಪುಟ್ ಕಾರ್ಡಿಗೆ ಸಾಮಾನ್ಯವಾಗಿ ಹದಿನಾರೋ ಮೂವತ್ತೆರಡೋ ತಂತಿಗಳು ಬರುತ್ತವೆ. ಅದರಲ್ಲಿ ಒಂದು ಚಾನೆಲ್ ಸುಟ್ಟಿತೆಂದುಕೊಳ್ಳಿ. ಪಕ್ಕದಲ್ಲಿ ಖಾಲಿ ಚಾನೆಲ್ ಇದ್ದರೆ ತಂತಿಯನ್ನು ಅಲ್ಲಿಗೆ ಸರಿಸಿ ಪ್ರೋಗ್ರಾಮಿನಲ್ಲಿ ವಿಳಾಸ ತಿದ್ದಿದರೆ ಯಂತ್ರ ಮೊದಲಿನಂತೆ ಓಡುತ್ತದೆ. ಇದು ಸರಿಯಾದ ಉಪಾಯ. ಇದಕ್ಕೆ ಪ್ರೋಗ್ರಾಮಿನ ಪ್ರತಿ ಬೇಕು, ಅದನ್ನು ಓದಬಲ್ಲವನು ಬೇಕು. ಎರಡೂ ಇಲ್ಲದಿದ್ದಾಗ, ಆರ್ಡರು ತಲೆಯ ಮೇಲಿದ್ದಾಗ, ಮೂರನೆಯ ಪಾಳಿಯ ನಡುರಾತ್ರಿಯಲ್ಲಿ ನಡೆಯುವುದೇನೆಂದು ನಮ್ಮ ವಾಚಕರಿಗೆ ಗೊತ್ತೇ ಇದೆ. ಒಂದು ತುಂಡು ತಂತಿ ಹಾಕಿ "ಗಾರ್ಡು ಮುಚ್ಚಿದೆ" ಎಂದು ಯಂತ್ರಕ್ಕೆ ಸುಳ್ಳು ಹೇಳುತ್ತಾರೆ. ಜಂಪರ್ ಎಂದು ಅದಕ್ಕೆ ಹೆಸರು. ನಾಳೆ ಕಾರ್ಡು ಬಂದಕೂಡಲೇ ತೆಗೆಯುತ್ತೇವೆಂದು ಹಾಕಿದ ಜಂಪರು, ಕಾರ್ಡು ಬಾರದ ಕಾರಣ ಅಲ್ಲೇ ಉಳಿಯುತ್ತದೆ. ಹಾಕಿದವನು ನಿವೃತ್ತನಾಗಿ ಊರಿಗೆ ಹೋಗುತ್ತಾನೆ. ಹೊಸದಾಗಿ ಬಂದ ಹುಡುಗ ಗಾರ್ಡು ತೆರೆದರೆ ಯಂತ್ರ ನಿಲ್ಲುತ್ತದೆಂದು ನಂಬಿ ಕೈ ಹಾಕುತ್ತಾನೆ.

ಆದ್ದರಿಂದ ನಮ್ಮ ಬಂಧುಗಳಿಗೆ ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಉತ್ಪಾದನೆಗೆ ಸಂಬಂಧಿಸಿದ ತಾತ್ಕಾಲಿಕ ಉಪಾಯ ಬೇರೆ. ಗಾರ್ಡು, ಎಮರ್ಜೆನ್ಸಿ ಸ್ಟಾಪು, ಎರಡು ಕೈ ಗುಂಡಿ, ಬಾಯ್ಲರಿನ ನೀರಿನ ಮಟ್ಟ, ಜ್ವಾಲೆಯ ಕಾವಲು ಇವುಗಳ ಮೇಲೆ ಹಾಕುವ ಜಂಪರು ಬೇರೆ. ಇದನ್ನು ಯಾರು ಹೇಳಿದರೂ ಹಾಕಬೇಡಿ. ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಡಿ ಎನ್ನಿ. ಬರೆದುಕೊಡುವ ಧೈರ್ಯ ಮೇಲಿನವರಿಗೆ ಬರುವುದಿಲ್ಲ ಎಂಬುದು ನಮ್ಮ ಅನುಭವ.

ಇನ್ನು ಹುಡುಕಾಟದ ವಿಷಯ. ತಯಾರಕನು ಕೈಚೆಲ್ಲಿದ ಮೇಲೆ ಕಾರ್ಡು ಎಲ್ಲಿ ಸಿಗುತ್ತದೆ? ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ಕುರ್ಲಾದ ಭಂಗಾರ ಪೇಟೆ, ಚೆನ್ನೈಯಲ್ಲಿ ರಿಚಿ ಬೀದಿ, ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ, ದೆಹಲಿಯಲ್ಲಿ ಮಾಯಾಪುರಿ. ಮರಾಠಿಯ ಭಂಗಾರಕ್ಕೂ ಕನ್ನಡದ ಬಂಗಾರಕ್ಕೂ ಒಂದು ಉಸಿರಿನ ಅಂತರವೆಂದು ನಮ್ಮ ಹಿರಿಯ ಫಿಟ್ಟರೊಬ್ಬರು ತಮಾಷೆ ಮಾಡುತ್ತಿರುತ್ತಾರೆ. ಎಸ್5ರ ಸಿಪಿಯು ಕಾರ್ಡು ಬೇಕಾದವನಿಗೆ ಆ ಅಂತರವೂ ಇಲ್ಲ. ಮುಚ್ಚಿದ ಕಾರ್ಖಾನೆಯ ಪ್ಯಾನೆಲ್ಲುಗಳನ್ನು ತೂಕದ ಮೇಲೆ ಕೊಂಡು, ಕಾರ್ಡುಗಳನ್ನು ಬಿಡಿಸಿ, ಒರಸಿ, ಬೇಡಿಕೆ ನೋಡಿ ಬೆಲೆ ಹೇಳುವ ವ್ಯಾಪಾರ ಇದು. ಒಬ್ಬರ ಗಿರಣಿಯ ಬಾಗಿಲು ಮುಚ್ಚಿದ್ದರಿಂದ ಇನ್ನೊಬ್ಬರ ಯಂತ್ರ ಓಡುತ್ತದೆ. 1982ರ ಮುಷ್ಕರದ ನಂತರ ಗಿರಣಿಗಳ ಸಾಮಾನು ಭಂಗಾರಕ್ಕೆ ಹೋದದ್ದನ್ನು ಕಣ್ಣಾರೆ ಕಂಡ ನಮ್ಮ ಹಿರಿಯರಿಗೆ ಇದು ಹೊಸದಲ್ಲ.

ಹೀಗೆ ಹಳೆಯ ಸಾಮಾನಿನ ಪೇಟೆಗೆ ಹೋಗುವುದು ಬಡ ದೇಶದವರ ಪಾಡು ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ತನ್ನ ಷಟಲ್ ನೌಕೆಯ ಬೂಸ್ಟರ್ ರಾಕೆಟ್ಟುಗಳನ್ನು ಪರೀಕ್ಷಿಸುವ ಉಪಕರಣಕ್ಕೆ ಬೇಕಾದ ಇಂಟೆಲ್ 8086 ಚಿಪ್ಪುಗಳನ್ನು, ತಯಾರಕರಲ್ಲಿ ಸಿಗದ ಕಾರಣ, ಈಬೇ ಎಂಬ ಹರಾಜು ಜಾಲದಲ್ಲಿಯೂ ಹಳೆಯ ವೈದ್ಯಕೀಯ ಯಂತ್ರಗಳಲ್ಲಿಯೂ ಹುಡುಕುತ್ತಿರುವುದಾಗಿ 2002ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದಿತ್ತು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದವರಿಗೇ ಈ ಗತಿ ಬಂದಾಗ ಭೋಸರಿಯ ಸಣ್ಣ ಕಾರ್ಖಾನೆಯ ಸ್ಟೋರ್‌ಕೀಪರು ನಾಚಿಕೊಳ್ಳುವುದೇನಿದೆ?

ನಾಚಿಕೆ ಬೇಡ, ಎಚ್ಚರ ಬೇಕು. ಈ ಪೇಟೆಯಲ್ಲಿ ಮೋಸ ಹೇರಳವಾಗಿದೆ. ಹಳೆಯ ಚಿಪ್ಪಿನ ಬೆನ್ನನ್ನು ಉಜ್ಜಿ, ಕಪ್ಪು ಬಳಿದು, ಹೊಸ ಸಂಖ್ಯೆ ಮುದ್ರಿಸಿ ಮಾರುವ ಕಸುಬೇ ಇದೆ. ಅಮೆರಿಕದ ಸೆನೆಟ್ ಸಮಿತಿಯೊಂದು ಆ ದೇಶದ ಸೈನ್ಯಕ್ಕೆ ಸರಬರಾಜಾದ ಖೋಟಾ ಬಿಡಿಭಾಗಗಳ ವಿಚಾರಣೆ ನಡೆಸಿ 2012ರಲ್ಲಿ ಕೊಟ್ಟ ವರದಿಯಲ್ಲಿ ಸುಮಾರು 1,800 ಪ್ರಕರಣಗಳನ್ನೂ, ಅವುಗಳಲ್ಲಿ ಹತ್ತು ಲಕ್ಷಕ್ಕೂ ಮೀರಿದ ಸಂಶಯಾಸ್ಪದ ಭಾಗಗಳನ್ನೂ ಲೆಕ್ಕ ಹಾಕಿತ್ತು. ಯುದ್ಧವಿಮಾನದವರೆಗೆ ಹೋಗುವ ಖೋಟಾ ಮಾಲು ನಮ್ಮ ಪ್ರೆಸ್ಸಿನವರೆಗೆ ಬಾರದೆ ಇರುತ್ತದೆಯೇ? ಕೊಳ್ಳುವ ಮೊದಲು ಕಾರ್ಡನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಆರ್ಡರ್ ನಂಬರಿನ ಕೊನೆಯ ಅಂಕಿಗಳವರೆಗೂ ತಾಳೆ ಹಾಕಬೇಕು, ಏಕೆಂದರೆ ಆವೃತ್ತಿಯ ಭೇದ ಅಡಗಿರುವುದು ಅಲ್ಲೇ. ಚಿಪ್ಪಿನ ಅಕ್ಷರಗಳ ಮೇಲೆ ಸ್ಪಿರಿಟ್ಟಿನ ಬಟ್ಟೆ ಆಡಿಸಿದರೆ ಬಣ್ಣ ಬರುತ್ತದೆಯೇ, ಕಾಲುಗಳಲ್ಲಿ ಹಳೆಯ ಬೆಸುಗೆಯ ಗುರುತಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೇರೊಂದು ರ‍್ಯಾಕಿಗೆ ಹಾಕಿ ಕೆಲವು ಗಂಟೆ ಓಡಿಸಿ ತೋರಿಸದವನಿಗೆ ಪೂರ್ತಿ ಹಣ ಕೊಡಬಾರದು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಪ್ರಾಮಾಣಿಕರಿಲ್ಲವೆಂದು ನಮ್ಮ ಅರ್ಥವಲ್ಲ. ಓಡಿಸಿ ತೋರಿಸಲು ಹಿಂಜರಿಯದಿರುವುದೇ ಅವರ ಗುರುತು.

ಡಬ್ಬಿ ಒಡೆಯದ "ಹೊಸ" ಕಾರ್ಡು ಸಿಕ್ಕಿತೆಂದು ಹಿಗ್ಗುವವರಿಗೂ ಒಂದು ಮಾತಿದೆ. ಇಪ್ಪತ್ತೈದು ವರ್ಷ ಡಬ್ಬಿಯಲ್ಲಿದ್ದ ಪವರ್ ಸಪ್ಲೈ ಹೊಸದಲ್ಲ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನಲ್ಲಿ ಒಂದು ದ್ರವವಿರುತ್ತದೆ. ಕೆಲಸ ಮಾಡಲಿ ಬಿಡಲಿ, ಅದು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಓಡುವ ಕಾರ್ಡಿನಲ್ಲಂತೂ ಬಿಸಿ ಹತ್ತು ಡಿಗ್ರಿ ಹೆಚ್ಚಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಪ್ಯಾನೆಲ್ಲಿನ ಫ್ಯಾನು ನಿಂತು, ಫಿಲ್ಟರಿನ ತುಂಬ ಹತ್ತಿಯ ಧೂಳು ಕೂತು, ಮೇ ತಿಂಗಳ ಸೆಕೆಯಲ್ಲಿ ಒಳಗೆ ಬೇಯುತ್ತಿರುವ ಕಾರ್ಡುಗಳನ್ನು ನಾವೆಷ್ಟು ಕಂಡಿಲ್ಲ! ಎಲ್ಲೂ ಸಿಗದ ಕಾರ್ಡಿಗಾಗಿ ಊರೆಲ್ಲ ಅಲೆಯುವ ಮೊದಲು, ಇರುವ ಕಾರ್ಡಿಗೆ ಕೆಲವು ನೂರು ರೂಪಾಯಿಯ ಫ್ಯಾನು ಹಾಕಿಸುವುದು ಲೇಸು. ಕೆಪಾಸಿಟರ್ ಬದಲಿಸುವುದನ್ನು ಬೆಸುಗೆ ಗೊತ್ತಿರುವ ಯಾವ ಹುಡುಗನೂ ಕಲಿಯಬಹುದು. ಸತ್ತಿತೆಂದು ಎಸೆದ ಪವರ್ ಸಪ್ಲೈಗಳಲ್ಲಿ ಬಹಳಷ್ಟಕ್ಕೆ ಬೇಕಾದದ್ದು ಅಷ್ಟೇ. ಸ್ಟೋರಿನಲ್ಲಿ ಕಾರ್ಡನ್ನು ಸಾದಾ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮೈಯ ಸ್ಥಾಯಿವಿದ್ಯುತ್ತಿಗೇ ಅದು ಸಾಯಬಹುದು. ಅದಕ್ಕೆಂದೇ ಬರುವ ಬೆಳ್ಳಿಬಣ್ಣದ ಚೀಲ ಬೇಕು. ಚೆಂಬೂರಿನಂಥ ಕಡೆ ರಾಸಾಯನಿಕದ ಗಾಳಿ, ಮಳೆಗಾಲದ ತೇವ ಎರಡೂ ಸೇರಿ ಕನೆಕ್ಟರುಗಳನ್ನು ಕರಗಿಸುತ್ತವೆ. ಅಲ್ಲಿ ಬಿಡಿಭಾಗವನ್ನು ತಗಡಿನ ಷೆಡ್ಡಿನಲ್ಲಿಡುವುದು ಹಣವನ್ನು ಹೊಳೆಗೆ ಹಾಕಿದಂತೆ.

ಇಷ್ಟೆಲ್ಲ ಮಾಡಿ ಕಾರ್ಡು ಬಂತೆನ್ನಿ. ಅದರೊಳಗೆ ಯಂತ್ರದ ಪ್ರೋಗ್ರಾಮು ಇಲ್ಲದಿದ್ದರೆ ಅದು ಬರಿಯ ಹಂಚು. ಹಳೆಯ ಸಿಪಿಯುಗಳಲ್ಲಿ ಪ್ರೋಗ್ರಾಮನ್ನು ಒಂದು ಸಣ್ಣ ಬ್ಯಾಟರಿ ಕಾಪಾಡಿಕೊಂಡಿರುತ್ತದೆ. ದೀಪಾವಳಿಯ ರಜೆಗೆ ಮೈನ್ ಸ್ವಿಚ್ಚು ತೆಗೆದು ಹೋಗಿ, ಮರಳಿ ಬಂದಾಗ ಬ್ಯಾಟರಿ ಸತ್ತು ಯಂತ್ರಕ್ಕೆ ಮರೆವು ಬಂದಿರುವ ಕಥೆಯನ್ನು ಪ್ರತಿಯೊಂದು ಕೈಗಾರಿಕಾ ವಸಾಹತಿನಲ್ಲಿಯೂ ಹೇಳುತ್ತಾರೆ. ಬ್ಯಾಟರಿಯನ್ನು ವಿದ್ಯುತ್ತು ಇರುವಾಗಲೇ ಬದಲಿಸಬೇಕೆಂಬುದು ಸಣ್ಣ ಮಾತು, ಆದರೆ ಅದನ್ನು ಮರೆತು ಕೆಟ್ಟವರು ಬಹಳ. ಎಸ್7-300ರ ಈಚಿನ ಸಿಪಿಯುಗಳಲ್ಲಿ ಬ್ಯಾಟರಿಯ ಬದಲು ಪುಟ್ಟ ಮೆಮೊರಿ ಕಾರ್ಡಿದೆ. ನೋಡಲು ಕ್ಯಾಮರಾದ ಕಾರ್ಡಿನಂತೆಯೇ ಇದೆಯೆಂದು ಸಾಮಾನ್ಯ ಕಂಪ್ಯೂಟರಿಗೆ ಹಾಕಿ ಫಾರ್ಮ್ಯಾಟ್ ಮಾಡಿದರೆ ಅದು ಮತ್ತೆ ಪಿಎಲ್‌ಸಿಗೆ ಉಪಯೋಗವಿಲ್ಲ. ಎಸ್5ರ ಪ್ರೋಗ್ರಾಮನ್ನು ಓದಲು ಡಾಸ್ ಕಾಲದ ಸ್ಟೆಪ್5 ಎಂಬ ಸಾಫ್ಟ್‌ವೇರು, ಅದಕ್ಕೆ ಹೊಂದುವ ಕೇಬಲು, ಸೀರಿಯಲ್ ಪೋರ್ಟಿರುವ ಹಳೆಯ ಲ್ಯಾಪ್‌ಟಾಪು, ಇಷ್ಟೂ ಬೇಕು. ಕೆಲವು ಯಂತ್ರ ತಯಾರಕರು ಪ್ರೋಗ್ರಾಮಿಗೆ ಪಾಸ್‌ವರ್ಡಿನ ಬೀಗ ಹಾಕಿಟ್ಟು ಆಮೇಲೆ ತಮ್ಮ ಅಂಗಡಿಯನ್ನೇ ಮುಚ್ಚಿಕೊಂಡು ಹೋಗಿದ್ದಾರೆ. ಬೀಗದ ಕೈ ಯಾರಲ್ಲೂ ಇಲ್ಲ.

ಬಿಡಿಭಾಗವೆಂದರೆ ಕಾರ್ಡು ಮಾತ್ರವಲ್ಲ ಎಂಬುದು ಇದರಿಂದ ಕಾಣುತ್ತದೆ. ಕೇಬಲೂ ಬಿಡಿಭಾಗ, ಮಣ್ಣುಬಣ್ಣಕ್ಕೆ ತಿರುಗಿದ ಸರ್ಕ್ಯೂಟಿನ ನಕ್ಷೆಯೂ ಬಿಡಿಭಾಗ, ಅದನ್ನು ಓದಬಲ್ಲ ಮನುಷ್ಯನಂತೂ ಎಲ್ಲಕ್ಕಿಂತ ದುರ್ಲಭವಾದ ಬಿಡಿಭಾಗ. ಕೆನಡಾದ ಅಣುವಿದ್ಯುತ್ ಸ್ಥಾವರಗಳಲ್ಲಿ ದುಡಿಯುತ್ತಿದ್ದ ಪಿಡಿಪಿ-11 ಎಂಬ 1970ರ ಕಾಲದ ಕಂಪ್ಯೂಟರುಗಳನ್ನು 2050ರವರೆಗೆ ನಡೆಸಬೇಕಾಗಿದೆಯೆಂದೂ, ಆ ಭಾಷೆ ಬಲ್ಲ ಪ್ರೋಗ್ರಾಮರುಗಳು ಬೇಕಾಗಿದ್ದಾರೆಂದೂ 2013ರಲ್ಲಿ ಜಾಹೀರಾಗಿತ್ತು. ನಮ್ಮಲ್ಲಿ ಆ ಬಗೆಯ ಮನುಷ್ಯನಿಗೆ ಐವತ್ತೆಂಟಕ್ಕೋ ಅರವತ್ತಕ್ಕೋ ಒಂದು ತೆಂಗಿನಕಾಯಿ, ಒಂದು ಶಾಲು ಕೊಟ್ಟು ಕಳಿಸಿಕೊಡುತ್ತೇವೆ. ಅವನು ಉಡುಪಿಯ ಕಡೆಗೋ ಬಿಜಾಪುರದ ಕಡೆಗೋ ಹೋಗಿ ತೋಟ ನೋಡಿಕೊಂಡಿರುವಾಗ ಇಲ್ಲಿಂದ ಫೋನು ಹೋಗುತ್ತದೆ, "ಅಣ್ಣ, ಆ ಮೂರನೇ ಪ್ಯಾನೆಲ್ಲಿನ ಪ್ರೋಗ್ರಾಮು ಎಲ್ಲಿಟ್ಟಿದ್ದೀರಿ?" ಎಂದು.

ಹಾಗಾದರೆ ಎಲ್ಲವನ್ನೂ ಕಿತ್ತು ಹೊಸ ನಿಯಂತ್ರಣ ಹಾಕಿಸುವುದೇ ಸರಿಯಲ್ಲವೇ ಎಂದು ಕೇಳುವವರಿದ್ದಾರೆ. ಅನೇಕ ಕಡೆ ಅದೇ ಸರಿ. ನಾವು ಹಳೆಯದರ ಭಕ್ತರಲ್ಲ. ಆದರೆ ಅದಕ್ಕೆ ವಾರಗಟ್ಟಲೆ ಯಂತ್ರ ನಿಲ್ಲಿಸಬೇಕು, ಹೊಸ ಪ್ರೋಗ್ರಾಮನ್ನು ಪರೀಕ್ಷಿಸಬೇಕು, ಜನರಿಗೆ ಕಲಿಸಬೇಕು. ತಯಾರಕನ ದಿನಾಂಕ ನೋಡಿ ಎರಡು ವರ್ಷ ಮೊದಲೇ ಯೋಜಿಸಿದರೆ ಇದನ್ನು ವಾರ್ಷಿಕ ರಜೆಯ ಕಾಲದಲ್ಲಿ ಮುಗಿಸಬಹುದು, ಯಾರ ಕೂಲಿಗೂ ಕುತ್ತಿಲ್ಲ. ಕಾರ್ಡು ಸುಟ್ಟ ಮೇಲೆ ಎಚ್ಚತ್ತರೆ ಅದೇ ಕೆಲಸ ಲೇ-ಆಫ್ ಆಗುತ್ತದೆ. ಇದರ ನಡುವೆ ಇನ್ನೊಂದು ದಾರಿಯೂ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ 505 ಸರಣಿಯ ವ್ಯವಹಾರ 1991ರಲ್ಲಿ ಸೀಮೆನ್ಸ್ ಕೈಗೆ ಹೋಯಿತು. ಅಮೆರಿಕದ ಟೆನೆಸಿ ರಾಜ್ಯದ ಸಿಟಿಐ ಎಂಬ ಸಂಸ್ಥೆ ಅದೇ ಹಳೆಯ ರ‍್ಯಾಕಿನಲ್ಲಿ ಕೂರುವ ಕಾರ್ಡುಗಳನ್ನು ತಾನೇ ತಯಾರಿಸಿ ಆ ಸರಣಿಯನ್ನು ಉಳಿಸಿತು. ನಮ್ಮ ದೇಶದಲ್ಲಿ ಎಸ್5, ಎಸ್7-300 ಇರುವ ಕಾರ್ಖಾನೆಗಳಿಗೆ ಕೊರತೆಯಿಲ್ಲ, ಕಾರ್ಡು ರಚಿಸಬಲ್ಲ ಎಂಜಿನಿಯರುಗಳಿಗೂ ಕೊರತೆಯಿಲ್ಲ. ಇಂಥದೊಂದು ಉದ್ಯಮವನ್ನು ಸರ್ಕಾರ ಪ್ರೋತ್ಸಾಹಿಸಬಾರದೇಕೆ?

ಸರ್ಕಾರದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಅದು ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಬೇಸಾಯದ ಉಪಕರಣ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ವಸ್ತು, ವಾಹನ. ಕೊಂಡವನ ಮೊಬೈಲಿಗೆ ಚಿಂತೆ ಮಾಡಿದ್ದು ಸಂತೋಷವೇ. ಆದರೆ ಸಾವಿರಾರು ಜನರಿಗೆ ಅನ್ನ ಕೊಡುವ ಕಾರ್ಖಾನೆಯ ಯಂತ್ರ ಆ ಪಟ್ಟಿಯಲ್ಲಿಲ್ಲ. ಬಿಡಿಭಾಗವನ್ನು ಕೊಡಲಾರೆವೆಂದು ತಯಾರಕನು ಘೋಷಿಸಿದ ದಿನದಿಂದ ಆ ಕಾರ್ಡಿನ ನಕ್ಷೆ, ಕೈಪಿಡಿ, ಅದನ್ನು ಓದುವ ಸಾಫ್ಟ್‌ವೇರು ಇವು ಕೇಳಿದವರಿಗೆಲ್ಲ ಸಿಗುವಂತಾಗಬೇಕು. ತಾನೂ ಮಾಡುವುದಿಲ್ಲ, ಇನ್ನೊಬ್ಬನಿಗೂ ಬಿಡುವುದಿಲ್ಲ ಎಂಬುದು ಹುಲ್ಲುಬಣವೆಯ ನಾಯಿಯ ರೀತಿ.

ಕಾರ್ಖಾನೆಗಳ ಆಡಳಿತವರ್ಗದಿಂದ ನಾವು ಬಯಸುವುದು ಬಹಳವೇನೂ ಇಲ್ಲ. ಪ್ರತಿ ಯಂತ್ರದ ನಿಯಂತ್ರಣ ಯಾವುದು, ಅದರ ಬಿಡಿಭಾಗ ಎಂದಿನವರೆಗೆ ಸಿಗುತ್ತದೆ, ಸ್ಟೋರಿನಲ್ಲಿ ಏನಿದೆ, ಪ್ರೋಗ್ರಾಮಿನ ಪ್ರತಿ ಎಲ್ಲಿದೆ ಎಂಬ ಒಂದು ಹಾಳೆಯನ್ನು ವರ್ಷಕ್ಕೊಮ್ಮೆ ಸುರಕ್ಷಾ ಸಮಿತಿಯ ಮುಂದೆ ಇಡಲಿ. ಪ್ಯಾನೆಲ್ಲುಗಳಲ್ಲಿರುವ ಜಂಪರುಗಳ ಲೆಕ್ಕವೂ ಅದೇ ಹಾಳೆಯಲ್ಲಿರಲಿ. ಸಮಿತಿಯಲ್ಲಿರುವ ನಮ್ಮ ಪ್ರತಿನಿಧಿಗಳು ಮುಂದಿನ ಸಭೆಯಲ್ಲೇ ಇದನ್ನು ಕೇಳಬೇಕು. ಕೇಳುವುದಕ್ಕೆ ಖರ್ಚಿಲ್ಲ.

ನಾವು ಮಾಡಬಹುದಾದದ್ದೂ ಇದೆ. ಸಂಘದ ಕಚೇರಿಯಲ್ಲಿ ಈ ತಿಂಗಳಿಂದ ಒಂದು ದಾಖಲೆ ಪುಸ್ತಕ ತೆರೆದಿದ್ದೇವೆ. ಯಾವ ಸರಣಿಯ ಕಾರ್ಡನ್ನು ದುರಸ್ತಿ ಮಾಡಬಲ್ಲಿರಿ, ಯಾವ ಕೇಬಲು, ಯಾವ ಹಳೆಯ ಲ್ಯಾಪ್‌ಟಾಪು ನಿಮ್ಮಲ್ಲಿದೆ, ಯಾವ ಅಂಗಡಿಯವನು ಓಡಿಸಿ ತೋರಿಸಿ ಮಾರುತ್ತಾನೆ ಎಂಬುದನ್ನು ಸದಸ್ಯರು ಬಂದು ಬರೆಯಬೇಕು. ಕಾರ್ಖಾನೆಯ ಪ್ರೋಗ್ರಾಮು, ನಕ್ಷೆಗಳು ಕಾರ್ಖಾನೆಯ ಸ್ವತ್ತು. ಅವನ್ನು ಯಾರೂ ಇಲ್ಲಿಗೆ ತರಬೇಕಾಗಿಲ್ಲ, ತರಲೂಬಾರದು. ನಮಗೆ ಬೇಕಾದದ್ದು ನಿಮ್ಮ ಕೈಯಲ್ಲಿರುವ ವಿದ್ಯೆಯ ವಿವರ. ನಿವೃತ್ತರಾಗಿ ಊರು ಸೇರಿದವರು ಒಂದು ಕಾಗದ ಬರೆದರೂ ಸಾಕು, ಅವರ ಹೆಸರನ್ನು ನಾವೇ ಸೇರಿಸಿಕೊಳ್ಳುತ್ತೇವೆ. ಬೆಸುಗೆಯನ್ನೂ ಕೆಪಾಸಿಟರ್ ಬದಲಿಸುವುದನ್ನೂ ಕಲಿಸಲು ಇಬ್ಬರು ಹಿರಿಯ ಸದಸ್ಯರು ಒಪ್ಪಿದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ಈ ನಗರದ ಕನ್ನಡಿಗರಲ್ಲಿ ಸಾವಿರಾರು ಮಂದಿ. ಭಾನುವಾರದ ಎರಡು ಗಂಟೆ ನಮ್ಮ ಹುಡುಗರಿಗೆ ಹೆಚ್ಚಾಗಲಾರದು. ಬರುವವರು ಬೆಸುಗೆಯ ಕಡ್ಡಿಯನ್ನು ತಾವೇ ತರಬೇಕು. ಕೆಟ್ಟ ಪವರ್ ಸಪ್ಲೈಗಳನ್ನು ಕುರ್ಲಾದಿಂದ ತೂಕದ ಮೇಲೆ ಸಂಘವೇ ತರಿಸಿಡುತ್ತದೆ.